ಹಿತ್ತಲ ಈಜುಕೊಳವೂ ನೆಲದಡಿಯ ನೀರೂ

ನಮ್ಮ ಕಾಸರಗೋಡಿನ ಕಡೆ ಮಕ್ಕಳು ಈಜು ಕಲಿಯುತ್ತಿದ್ದುದು ಅಡಿಕೆ ತೋಟದ ಕೆರೆಗಳಲ್ಲಿ. ಈಗ ಅನುಕೂಲವುಳ್ಳ ಕೆಲವರು ಮನೆಯ ಹಿತ್ತಲಲ್ಲೇ ಕಾಂಕ್ರೀಟಿನ ಈಜುಕೊಳ ಕಟ್ಟಿಸುವುದುಂಟು. ಒಳಗಿನ ನೀರು ಸೋರದಿದ್ದರೆ ಸಾಕೆಂದು ನಾವು ತಿಳಿಯುತ್ತೇವೆ. ಕಟ್ಟುವಾಗ ಹೆಚ್ಚು ಕಾಡುವುದು ಹೊರಗಿನ ನೀರು.

ಮೇಲಿನ ಮುರಕಲ್ಲು ಗಟ್ಟಿಯಾದುದರಿಂದ ಹೊಂಡದ ಬದಿ ನೆಟ್ಟಗೆ ನಿಲ್ಲುತ್ತದೆ. ಅದರ ಕೆಳಗೆ ಹಲವೆಡೆ ಶೇಡಿಮಣ್ಣು ಸಿಗುತ್ತದೆ. ಒಣಗಿದ್ದಾಗ ಗಟ್ಟಿಯಾಗಿ ತೋರುವ ಈ ಮಣ್ಣು ನೀರು ಕುಡಿದೊಡನೆ ಬಲಗುಂದಿ ಕುಸಿಯುತ್ತದೆ. ಕೆಳಗೆ ಕೆಲಸದವರಿದ್ದರೆ ಜೀವಕ್ಕೇ ಅಪಾಯ. ಆದುದರಿಂದ ಬದಿಯನ್ನು ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು. ಜೂನ್ ತಿಂಗಳ ಮಳೆಗೆ ಮುಂಚೆ ಕೆಲಸ ಮುಗಿಯಬೇಕು. ಅರ್ಧಕ್ಕೆ ನಿಂತ ಹೊಂಡದಲ್ಲಿ ಕೆಂಪು ನೀರು ತುಂಬಿದರೆ ಅದರ ಆಳ ಮಕ್ಕಳಿಗೆ ತಿಳಿಯದು. ಹೆತ್ತವರು ಮೊದಲ ದಿನವೇ ಸುತ್ತ ಭದ್ರವಾದ ಬೇಲಿ ಹಾಕಿಸಬೇಕು.

ಇನ್ನೊಂದು ವಿಚಿತ್ರ ತೊಂದರೆಯಿದೆ: ಕೊಳವೇ ತೇಲುವುದು! ಕಾಂಕ್ರೀಟು ತೇಲುವುದುಂಟೇ ಎಂದು ನಗಬೇಡಿ. ಕನ್ನಡ ಪಾಠ ಮಾಡುವ ನಮಗೂ ಈ ಲೆಕ್ಕ ರುಚಿಸಿತು. ಹೊರ ಅಳತೆಯಲ್ಲಿ 6 ಮೀಟರ್ ಉದ್ದ, 3 ಮೀಟರ್ ಅಗಲ, 1.5 ಮೀಟರ್ ಆಳದ ಕೊಳವೊಂದಿರಲಿ. ಗೋಡೆ, ತಳಗಳ ದಪ್ಪ 15 ಸೆಂಟಿಮೀಟರ್ ಆದರೆ, ಘನಮೀಟರಿಗೆ 2.4 ಟನ್ನಿನಂತೆ ಕಾಂಕ್ರೀಟಿನ ತೂಕ ಸುಮಾರು 15 ಟನ್. ಮಳೆಗಾಲದಲ್ಲಿ ಸುತ್ತಲ ನೆಲದ ನೀರು ಕೊಳದ ಅಂಚಿನವರೆಗೆ ಏರಿತೆನ್ನಿ. ಆರ್ಕಿಮಿಡೀಸನ ತತ್ತ್ವದಂತೆ ಅದು ಖಾಲಿ ಕೊಳವನ್ನು 27 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ತಳದಿಂದ ಸುಮಾರು 83 ಸೆಂಟಿಮೀಟರ್ ಏರಿದಾಗಲೇ ಎರಡೂ ಸರಿಸಮ. ಸುತ್ತಲ ಮಣ್ಣಿನ ಹಿಡಿತ ಸ್ವಲ್ಪ ತಡೆದೀತು. ಅದೂ ಸಾಲದಾದರೆ ಕೊಳ ಮೇಲೇಳಬಹುದು, ಇಲ್ಲವೇ ತಳ ಬಿರಿಯಬಹುದು.

ಇದಕ್ಕಾಗಿ ತಳದಡಿ ಜಲ್ಲಿ ಹಾಸಿ, ಅಲ್ಲಿ ಸೇರುವ ನೀರನ್ನು ಪಕ್ಕದ ಗುಂಡಿಗೆ ಹಾಯಿಸಿ ಪಂಪಿನಿಂದ ತೆಗೆಯುತ್ತಾರೆ. ತಳದಲ್ಲಿ ವಾಲ್ವೊಂದನ್ನೂ ಕೂರಿಸುವುದುಂಟು. ಹೊರಗಿನ ಒತ್ತಡ ಹೆಚ್ಚಿದಾಗ ಅದು ತೆರೆದು ನೀರನ್ನು ಒಳಕ್ಕೆ ಬಿಡುತ್ತದೆ. ಕೊಳದೊಳಗಿನ ನೀರಿನ ಭಾರವೂ ಒಂದು ರಕ್ಷಣೆಯೇ. ತೊಳೆಯಲೆಂದು ಮಳೆಗಾಲದಲ್ಲಿ ಕೊಳ ಬರಿದು ಮಾಡುವವರು ಇದನ್ನು ಯೋಚಿಸುವುದಿಲ್ಲ.

ತುಂಬಿದ ಮೇಲೆ ನೀರು ಇಳಿಯುತ್ತಿದ್ದರೆ ಮೇಸ್ತ್ರಿಯನ್ನು ಬೈಯುವ ಮೊದಲು ಒಂದು ಪರೀಕ್ಷೆ ಮಾಡೋಣ. ಬಕೆಟಿನಲ್ಲಿ ಕೊಳದ ನೀರನ್ನೇ ತುಂಬಿ, ಅದು ಅರ್ಧಕ್ಕಿಂತ ಹೆಚ್ಚು ಮುಳುಗುವಂತೆ ಕೊಳದ ಮೆಟ್ಟಿಲ ಮೇಲಿಟ್ಟು, ಎರಡರ ನೀರಿನ ಮಟ್ಟವನ್ನೂ ಗುರುತಿಸಬೇಕು. ಮಳೆಯಿಲ್ಲದ ಒಂದು ದಿನ ಕಳೆದಾಗ ಎರಡೂ ಸಮನಾಗಿ ಇಳಿದಿದ್ದರೆ ಬಿಸಿಲು ಕುಡಿದದ್ದು. ಕೊಳದ್ದು ಹೆಚ್ಚು ಇಳಿದಿದ್ದರೆ ಬಿರುಕನ್ನು ಹುಡುಕಬೇಕು.