ಶವರ್‌ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿದೆಯೇ? ಆ್ಯಸಿಡ್‌ ಸುರಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಮುಂಬೈ: ಶವರ್‌ ತಿರುಗಿಸಿದರೆ ನೀರು ನೆತ್ತಿಯ ಮೇಲೆ ಬೀಳುವ ಬದಲು ಅರ್ಧ ಗೋಡೆಗೆ, ಅರ್ಧ ಬಾಗಿಲಿಗೆ ಚಿಮ್ಮುತ್ತದೆ. ಹತ್ತಿರ ಹೋಗಿ ನೋಡಿದರೆ ತೂತುಗಳ ಸುತ್ತ ಬಿಳಿ ಹಕ್ಕಳೆ. ನಲ್ಲಿಯ ಬುಡದಲ್ಲೂ ಅದೇ, ಹೆಲ್ತ್‌ ಫಾಸೆಟ್‌ ಮೇಲೂ ಅದೇ. ಮೀರಾ ರೋಡ್‌, ವಸಾಯಿ, ವಿರಾರ್‌ ಅಥವಾ ಠಾಣೆಯ ಘೋಡ್‌ಬಂದರ್‌ ರಸ್ತೆಯ ಹೊಸ ಕಟ್ಟಡಗಳಿಗೆ ಮನೆ ಬದಲಾಯಿಸಿದ ಅನೇಕರಿಗೆ ಇದು ಚೆನ್ನಾಗಿ ಗೊತ್ತು. ಮಾಟುಂಗಾದಲ್ಲೋ ದಾದರ್‌ನಲ್ಲೋ ಹಲವು ವರ್ಷ ಇದ್ದಾಗ ಕಾಣದ ಕಲೆ ಇಲ್ಲಿ ಆರೇ ತಿಂಗಳಲ್ಲಿ ಏಕೆ ಬಂತು ಎಂಬ ಪ್ರಶ್ನೆಯೂ ಸಹಜ.

ಶವರ್‌ ಕಳಪೆ ಎಂದು ಹೊಸದು ತರುವವರೇ ಹೆಚ್ಚು. ಆದರೆ ಬಹಳಷ್ಟು ಸಲ ತಪ್ಪು ಶವರ್‌ನದ್ದಲ್ಲ, ನೀರಿನದ್ದು.

ಕೆರೆ ನೀರು ಬೇರೆ, ಟ್ಯಾಂಕರ್‌ ನೀರು ಬೇರೆ

ಮುಂಬೈ ಮಹಾನಗರ ಪಾಲಿಕೆ ನಗರಕ್ಕೆ ನೀರು ತರುವುದು ಏಳು ಜಲಾಶಯಗಳಿಂದ: ಭಾತ್ಸಾ, ಅಪ್ಪರ್‌ ವೈತರಣಾ, ಮಧ್ಯ ವೈತರಣಾ, ಮೋಡಕ್‌ ಸಾಗರ್‌, ತಾನ್ಸಾ, ವಿಹಾರ್‌ ಮತ್ತು ತುಳಸಿ. ದಿನಕ್ಕೆ ಹತ್ತಿರ ಹತ್ತಿರ 4,000 ದಶಲಕ್ಷ ಲೀಟರ್‌. ಇದೆಲ್ಲ ಮಳೆಗಾಲದಲ್ಲಿ ಬೆಟ್ಟದ ಬಂಡೆಗಳ ಮೇಲಿಂದ ಹರಿದು ಬಂದು ನಿಂತ ನೀರು. ನೆಲದೊಳಗೆ ವರ್ಷಗಟ್ಟಲೆ ಇದ್ದು ಖನಿಜ ಕರಗಿಸಿಕೊಳ್ಳುವ ಅವಕಾಶ ಅದಕ್ಕೆ ಸಿಕ್ಕಿರುವುದಿಲ್ಲ. ಹೀಗಾಗಿ ಇದು ಮೆದು ನೀರು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಕಲೆ ಕಡಿಮೆ.

ಬೋರ್‌ವೆಲ್‌ ನೀರಿನ ಕಥೆ ಬೇರೆ. ಕಲ್ಲು ಮಣ್ಣಿನ ನಡುವೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಅದು ಗಡಸಾಗುತ್ತದೆ. ಸಮುದ್ರ ಹತ್ತಿರವಿದ್ದಲ್ಲಿ ಉಪ್ಪಿನಂಶವೂ ಸೇರುತ್ತದೆ. ಪಾಲಿಕೆ ನೀರು ಸಾಲದ ಸೊಸೈಟಿಗಳಿಗೆ ಖಾಸಗಿ ಟ್ಯಾಂಕರ್‌ಗಳು ತರುವುದು ಹೆಚ್ಚಾಗಿ ಬಾವಿ, ಬೋರ್‌ವೆಲ್‌ಗಳ ನೀರನ್ನೇ. 2025ರ ಏಪ್ರಿಲ್‌ನಲ್ಲಿ ಅಂತರ್ಜಲ ಬಳಕೆಯ ಅನುಮತಿ ನಿಯಮಗಳನ್ನು ವಿರೋಧಿಸಿ ಮುಂಬೈನ ಟ್ಯಾಂಕರ್‌ ಮಾಲೀಕರು ಕೆಲವು ದಿನ ಮುಷ್ಕರ ಹೂಡಿದಾಗ, ಪಾಲಿಕೆ ವಿಪತ್ತು ನಿರ್ವಹಣಾ ಕಾಯ್ದೆಯನ್ನೇ ಕೈಗೆತ್ತಿಕೊಳ್ಳಬೇಕಾಯಿತು. ನಗರ ಎಷ್ಟರ ಮಟ್ಟಿಗೆ ಟ್ಯಾಂಕರ್‌ ನಂಬಿದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನೀರಿನ ಮನೆಗೂ ಬೋರ್‌ವೆಲ್‌ ಮನೆಗೂ ಇರುವ ವ್ಯತ್ಯಾಸ ಬಕೆಟ್‌ ನೋಡಿದರೇ ತಿಳಿಯುತ್ತದೆ.

ಉಪ್ಪಲ್ಲ, ಸುಣ್ಣ

ನಾವು 'ಉಪ್ಪು ನೀರಿನ ಕಲೆ' ಎನ್ನುತ್ತೇವೆ. ಆದರೆ ಗಟ್ಟಿಯಾಗಿ ಅಂಟುವ ಈ ಪದರದಲ್ಲಿ ಮುಖ್ಯವಾಗಿ ಇರುವುದು ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಕಾರ್ಬೋನೇಟ್‌. ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾದಾಗ ಆಗುವುದೂ ಇದೇ. ಉಪ್ಪಾಗಿದ್ದರೆ ನೀರು ಹಾಕಿದರೇ ಕರಗುತ್ತಿತ್ತು. ಸುಣ್ಣಕ್ಕೆ ಹುಳಿ ಬೇಕು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೋನೇಟ್‌ ಬಿಸಿಯಾದಾಗ ಒಡೆದು ಸುಣ್ಣವಾಗಿ ಹೊರಬೀಳುತ್ತದೆ. ಅದಕ್ಕೇ ಗೀಸರ್‌ ಒಳಗೆ ಮತ್ತು ಬಿಸಿನೀರು ಹಾಯುವ ಶವರ್‌ನಲ್ಲಿ ಇದು ಬೇಗ ಕಟ್ಟುತ್ತದೆ. ಸ್ನಾನವಾದ ಮೇಲೆ ಉಳಿದ ಹನಿಗಳು ಒಣಗಿದಲ್ಲೂ ತೆಳು ಪದರ ಉಳಿಯುತ್ತದೆ. ಒಂದು ಲೆಕ್ಕ ನೋಡಿ: ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 100 ಲೀಟರ್‌ ಸ್ನಾನಕ್ಕೆ ಬಳಸಿದರೆ, ವರ್ಷಕ್ಕೆ 18 ಕಿಲೋದಷ್ಟು ಖನಿಜ ನಿಮ್ಮ ಕೊಳವೆಗಳ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಸ್ವಲ್ಪವೇ ಅಂಟಿದರೂ ಶವರ್‌ ಕಟ್ಟಿಕೊಳ್ಳಲು ಸಾಕು.

ಕುಡಿಯುವ ನೀರಿನ ಭಾರತೀಯ ಮಾನದಂಡದ (ಐಎಸ್‌ 10500, 2012) ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ. ಅಂದರೆ ಇದು ಮುಖ್ಯವಾಗಿ ನಲ್ಲಿ, ಗೀಸರ್‌ ಮತ್ತು ಕರೆಂಟ್‌ ಬಿಲ್ಲಿನ ತಲೆನೋವು.

ತೆಗೆಯುವುದು ಹೇಗೆ?

ಮೊದಲು ಕಲೆಯ ಮೇಲೆ ಒಂದು ಹನಿ ವಿನೆಗರ್‌ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ. ಕೆಂಪು-ಕಂದು ಬಣ್ಣದ್ದಾಗಿದ್ದು ಗುಳ್ಳೆ ಬಾರದಿದ್ದರೆ ಕಬ್ಬಿಣದ ತುಕ್ಕಿರಬಹುದು.

ಸುಣ್ಣಕ್ಕೆ ಅತ್ಯುತ್ತಮ ಮದ್ದು ಕಿರಾಣಿ ಅಂಗಡಿಯಲ್ಲೇ ಇದೆ: ನಿಂಬೆ ಉಪ್ಪು, ಅಂದರೆ ಸಿಟ್ರಿಕ್‌ ಆ್ಯಸಿಡ್‌. ಮುಂಬೈಯಲ್ಲಿ 'ಲಿಂಬೂ ಸತ್ವ' ಅಥವಾ 'ನಿಂಬು ಫೂಲ್‌' ಎಂದು ಕೇಳಿ, ಢೋಕ್ಲಾಕ್ಕೆ ಹಾಕುವ ಅದೇ ಹರಳು. ಒಂದು ಲೀಟರ್‌ ಉಗುರುಬೆಚ್ಚಗಿನ ನೀರಿಗೆ ನಾಲ್ಕು ದೊಡ್ಡ ಚಮಚ, ಸುಮಾರು 50 ಗ್ರಾಂ, ಕರಗಿಸಿ. ಅದು ಸಿಗದಿದ್ದರೆ ಬಿಳಿ ವಿನೆಗರ್‌ ಆದೀತು, ಆದರೆ ಬಾತ್‌ರೂಮ್‌ ತುಂಬ ವಾಸನೆ.

ಶವರ್‌ ಬಿಚ್ಚಲು ಬಂದರೆ ಬಿಚ್ಚಿ ಈ ನೀರಿನಲ್ಲಿ ಮುಳುಗಿಸಿ. ಬಿಚ್ಚಲಾಗದಿದ್ದರೆ ತೊಳೆದ ಹಾಲಿನ ಪ್ಯಾಕೆಟ್‌ಗೆ ದ್ರಾವಣ ಹಾಕಿ, ಶವರ್‌ ಮುಖ ಮುಳುಗುವಂತೆ ರಬ್ಬರ್‌ ಬ್ಯಾಂಡ್‌ ಬಿಗಿಯಿರಿ. ಅರ್ಧ ಗಂಟೆ ಸಾಕು. ಹೋಗದಿದ್ದರೆ ತೊಳೆದು ಇನ್ನೊಮ್ಮೆ ಮಾಡಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್‌ ಲೇಪ ಮಂಕಾಗಬಹುದು. ಕಪ್ಪು ಅಥವಾ ಚಿನ್ನದ ಬಣ್ಣದ ಶವರ್‌ ಆದರೆ ಹತ್ತೇ ನಿಮಿಷ, ಅದೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಆಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ರಬ್ಬರಿನಂಥ ಮೆತ್ತನೆ ತೂತುಗಳಿದ್ದರೆ ಹೆಬ್ಬೆರಳಲ್ಲಿ ತಿಕ್ಕಿದರೇ ಸುಣ್ಣ ಉದುರುತ್ತದೆ. ಕಬ್ಬಿಣದ ನಾರು ಬೇಡ, ಗೀರು ಬಿದ್ದಲ್ಲಿ ಸುಣ್ಣ ಇನ್ನೂ ಬೇಗ ಹಿಡಿಯುತ್ತದೆ. ಬಿಚ್ಚಿದಾಗ ಒಳಗಿನ ಜಾಲರಿಯನ್ನೂ ನೋಡಿ; ನೀರು ಕಡಿಮೆ ಬರಲು ಎಷ್ಟೋ ಸಲ ಅಲ್ಲಿ ಸಿಕ್ಕಿಕೊಂಡ ಮರಳೇ ಕಾರಣ. ನಲ್ಲಿಯ ತುದಿಯ ಜಾಲರಿಗೂ ಇದೇ ಉಪಚಾರ.

ವಿನೆಗರ್‌ ಜತೆ ಅಡುಗೆ ಸೋಡಾ ಬೆರೆಸುವ ವಿಡಿಯೋಗಳು ಮೊಬೈಲಿನಲ್ಲಿ ಧಾರಾಳವಾಗಿ ಬರುತ್ತವೆ. ನೊರೆ ನೋಡಲು ಚೆಂದ. ಆದರೆ ಸೋಡಾ ಹುಳಿಯನ್ನು ಕೊಂದುಬಿಡುತ್ತದೆ, ಸುಣ್ಣ ಕರಗಿಸಲು ಏನೂ ಉಳಿಯುವುದಿಲ್ಲ.

ಈ ತಪ್ಪು ಮಾತ್ರ ಬೇಡ

ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವ ಟಾಯ್ಲೆಟ್‌ 'ಆ್ಯಸಿಡ್‌' ಹೈಡ್ರೋಕ್ಲೋರಿಕ್‌ ಆಮ್ಲ. ಸುಣ್ಣ ಕ್ಷಣದಲ್ಲಿ ಮಾಯವಾಗುತ್ತದೆ ನಿಜ, ಜತೆಗೆ ಕ್ರೋಮ್‌ ಲೇಪವೂ ಹೋಗಿ ಒಳಗಿನ ಹಿತ್ತಾಳೆ ಹಸಿರುಗಟ್ಟುತ್ತದೆ. ಕಿಟಕಿ ಇಲ್ಲದ ಪುಟ್ಟ ಬಾತ್‌ರೂಮ್‌ನಲ್ಲಿ ಅದರ ಹೊಗೆ ಕಣ್ಣು, ಶ್ವಾಸಕೋಶಕ್ಕೆ ಕೆಟ್ಟದ್ದು. ಅದಕ್ಕಿಂತ ದೊಡ್ಡ ಅಪಾಯ ಬ್ಲೀಚ್‌ ಅಥವಾ ಬ್ಲೀಚಿಂಗ್‌ ಪೌಡರ್‌ ಜತೆ ಸೇರಿಸುವುದು. ವಿಷಾನಿಲವಾದ ಕ್ಲೋರಿನ್‌ ಹೊರಬರುತ್ತದೆ. ಈ ಮಾತು ವಿನೆಗರ್‌, ನಿಂಬೆ ಉಪ್ಪಿಗೂ ಅನ್ವಯ. ಬ್ಲೀಚ್‌ ಬಳಸಿದ ದಿನ ಇವನ್ನು ಮುಟ್ಟಬೇಡಿ. ಕೆಲಸದವರು ಸ್ವಚ್ಛ ಮಾಡುವ ಮನೆಗಳಲ್ಲಿ ಅವರಿಗೂ ಇದನ್ನು ಹೇಳಿರಿ, ಹೊಗೆ ಮೊದಲು ತಟ್ಟುವುದು ಅವರಿಗೇ.

ನೆಲಕ್ಕೆ ಮಾರ್ಬಲ್‌ ಅಥವಾ ಕೋಟಾ ಕಲ್ಲು ಹಾಕಿದ್ದರೆ ಹುಳಿ ತಾಗದಂತೆ ನೋಡಿಕೊಳ್ಳಿ. ಆ ಕಲ್ಲುಗಳೇ ಸುಣ್ಣದವು, ಕಲೆಯ ಜತೆ ಅವೂ ಕರಗುತ್ತವೆ.

ಮತ್ತೆ ಕಟ್ಟದಂತೆ ಮಾಡಲು

ಸ್ನಾನವಾದ ಮೇಲೆ ನಲ್ಲಿ, ಶವರ್‌ ಮುಖವನ್ನು ಒಣ ಬಟ್ಟೆಯಿಂದ ಒರೆಸುವುದು ಪುಕ್ಕಟೆ ಉಪಾಯ. ಗೀಸರನ್ನು ಗರಿಷ್ಠ ಉಷ್ಣತೆಗೆ ಇಟ್ಟು ಆಮೇಲೆ ತಣ್ಣೀರು ಬೆರೆಸುವ ಅಭ್ಯಾಸ ಬಿಡಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು. ಶವರ್‌ಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳನ್ನು 'ಗಡಸು ನೀರಿಗೆ' ಎಂದೇ ಮಾರುತ್ತಾರೆ. ಅವು ಮರಳು, ಸ್ವಲ್ಪ ಕ್ಲೋರಿನ್‌ ತಡೆಯಬಹುದು. ಗಡಸುತನ ಇಳಿಸಲು ಮಾತ್ರ ಆಗಾಗ ಉಪ್ಪು ಹಾಕಿ ಚುರುಕುಗೊಳಿಸುವ ರೆಸಿನ್‌ ಸಾಫ್ಟ್‌ನರ್‌ ಬೇಕು. ಅಂಗೈಯಗಲದ ಫಿಲ್ಟರ್‌ನಿಂದ ಆಗುವ ಕೆಲಸವಲ್ಲ ಅದು.

ಹಾಗಾಗಿ ಸೊಸೈಟಿ ಸಭೆಯಲ್ಲಿ ಮಾತೆತ್ತುವುದೇ ಮೇಲು. ಅದಕ್ಕೊಂದು ಸುಲಭ ಪುರಾವೆ ಇದೆ. ಎರಡು ಬಾಟಲಿಗಳಲ್ಲಿ ಅರ್ಧರ್ಧ ನೀರು ತುಂಬಿ: ಒಂದಕ್ಕೆ ಪಾಲಿಕೆ ನೀರು, ಇನ್ನೊಂದಕ್ಕೆ ಟ್ಯಾಂಕರ್‌ ಬಂದ ದಿನದ ನೀರು. ಎರಡಕ್ಕೂ ಮೈಸೋಪಿನ ಸಮಾನ ಚೂರು ಹಾಕಿ ಕುಲುಕಿ. ಶಾಂಪೂ, ಡಿಟರ್ಜೆಂಟ್‌ ಬೇಡ, ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ. ಗಡಸು ನೀರಿನ ಬಾಟಲಿಯಲ್ಲಿ ನೊರೆ ಬದಲು ಮೊಸರು ಒಡೆದಂತೆ ಬಿಳಿ ಚೂರು ಕಾಣುತ್ತದೆ. ಅಂಥ ನೀರನ್ನು ಬೇರೆ ಟ್ಯಾಂಕಿಗೆ ತುಂಬಿ ಫ್ಲಶ್‌ಗೆ ಮಾತ್ರ ಬಿಡಲು ಸಾಧ್ಯವೇ, ಇಲ್ಲವಾದರೆ ಇಡೀ ಕಟ್ಟಡಕ್ಕೆ ಒಂದೇ ಸಾಫ್ಟ್‌ನರ್‌ ಹಾಕಿದರೆ ಮನೆಗೆಷ್ಟು ಬೀಳುತ್ತದೆ ಎಂದು ಕೇಳಿ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. 11 ತಿಂಗಳ ಕರಾರು ಮುಗಿಸಿ ಬಿಡುವಾಗ ನಲ್ಲಿ, ಶವರ್‌ ಹಾಳಾಗಿವೆ ಎಂದು ಡಿಪಾಸಿಟ್‌ನಲ್ಲಿ ಹಣ ಹಿಡಿಯುವುದುಂಟು. ಮನೆಗೆ ಬಂದ ದಿನವೇ ಪ್ರತಿ ನಲ್ಲಿಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್‌ ಮಾಡಿಡಿ, ಟ್ಯಾಂಕರ್‌ ನೀರು ಬರುತ್ತದೆಯೇ ಎಂದೂ ಅದೇ ಸಂದೇಶದಲ್ಲಿ ಕೇಳಿಬಿಡಿ.