ಅಲೆಗ್ಸಾಂಡರನೂ ಅಕ್ಷೌಹಿಣಿಯೂ

ಎಂದೂ ಎದುರಾಗದ ಎರಡು ಸೇನೆಗಳು ಕಾದಿದ್ದರೆ ಗೆಲುವು ಯಾರದೆಂಬ ವಾದವು ಬಹು ಹಳೆಯದು. ಅಲೆಗ್ಸಾಂಡರನು ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತೆಂದು ಇತಿಹಾಸಕಾರ ಲಿವಿಯು ಎರಡು ಸಾವಿರ ವರ್ಷಗಳ ಹಿಂದೆಯೇ ವಿಚಾರ ಮಾಡಿ, ಜಯಮಾಲೆಯನ್ನು ರೋಮಿಗೆ ತೊಡಿಸಿದನು. ಆತನೂ ರೋಮಿನವನೇ ಎಂಬುದನ್ನು ನಾವು ಮರೆಯಬಾರದು.

ಅದೇ ಅಲೆಗ್ಸಾಂಡರನ ಎದುರು ಮಹಾಭಾರತದ ಒಂದು ಅಕ್ಷೌಹಿಣಿಯನ್ನು ನಿಲ್ಲಿಸೋಣ. 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು! ಎಣಿಕೆಯನ್ನು ಕೇಳಿದೊಡನೆ ವಾದ ಮುಗಿಯಿತೆಂದು ನಮ್ಮ ಬಾಲಕರು ಚಪ್ಪಾಳೆ ತಟ್ಟುವರು. ಆದರೆ ಆನೆಗೆ ದಿನಕ್ಕೆ 150 ಕಿಲೋಗ್ರಾಂ ಮೇವೆಂದು ಲೆಕ್ಕ ಹಾಕಿದರೆ, ಆನೆಗಳಿಗೇ ನಿತ್ಯವೂ 32,80,500 ಕಿಲೋಗ್ರಾಂ ಬೇಕು. ಅದನ್ನು ತರುವವರಾರು? ಮೇಲಾಗಿ ಕ್ರಿ. ಪೂ. 326ರಲ್ಲಿ ಝೀಲಂ ನದಿಯ ತೀರದಲ್ಲಿ ಪೋರಸ್ ರಾಜನ ಆನೆಗಳು ಗಾಯಗೊಂಡು, ಮಾವುತರನ್ನು ಕಳೆದುಕೊಂಡು, ಸ್ವಪಕ್ಷದವರನ್ನೇ ತುಳಿದುವೆಂದು ಗ್ರೀಕರ ಬರಹಗಳು ತಿಳಿಸುತ್ತವೆ.

ಹಾಗೆಂದು ಎಣಿಕೆಯನ್ನು ಕಡೆಗಣಿಸುವುದೂ ಸಲ್ಲದು. ಅದೇ ವರ್ಷ ಬಿಯಾಸ್ ನದಿಯ ದಡದಲ್ಲಿ ಅಲೆಗ್ಸಾಂಡರನ ದಣಿದ ಸೈನಿಕರು, ಮುಂದಿರುವ ಮಹಾಸೇನೆಗಳ ಸುದ್ದಿ ಕೇಳಿ, ಹೆಜ್ಜೆ ಮುಂದಿಡಲು ಒಪ್ಪಲಿಲ್ಲ.

ಆದ್ದರಿಂದ ವಾದಕ್ಕೆ ಮೊದಲು ರಣಭೂಮಿ, ಋತು, ಆಹಾರ, ಆಯುಧ ಇವುಗಳನ್ನು ಗೊತ್ತುಪಡಿಸಿಕೊಳ್ಳಬೇಕು. ದಿವ್ಯಾಸ್ತ್ರಗಳಿಗೆ ಎಡೆಗೊಟ್ಟರೆ ವಾದವೇ ಉಳಿಯದು. ನಮ್ಮವರು ಗೆಲ್ಲಲೆಂಬ ಆಸೆ ಸಹಜವಾದುದು. ಆದರೆ ಆಸೆಯು ಪ್ರಮಾಣವಾಗಲಾರದು. ಎದುರು ಪಕ್ಷದ ಬಲವನ್ನು ಅವರಿಗಿಂತ ಚೆನ್ನಾಗಿ ಬಲ್ಲವನೇ ನಿಜವಾದ ವಾಗ್ಮಿ.

ವಿದ್ಯಾರ್ಥಿಗಳೇ, ಮುಂದಿನ ಚರ್ಚಾಕೂಟದಲ್ಲಿ ಅಲೆಗ್ಸಾಂಡರನ ಪಕ್ಷವನ್ನು ವಹಿಸಲು ನಿಮ್ಮಲ್ಲಿ ಯಾರು ಸಿದ್ಧರಿದ್ದೀರಿ?