ಹಳೆಯ ಕಾರೂ ಮುಪ್ಪಿನ ಮೈಯೂ

ನಮ್ಮ ಊರುಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಬಾಸಡರ್ ಕಾರು ಕಣ್ಣಿಗೆ ಬೀಳುವುದುಂಟು. 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಉಳಿದ ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡು ಬಂದಿರುವ ಹಿರಿಯ ಮೆಕ್ಯಾನಿಕರನ್ನೂ, ಭಾನುವಾರ ಬೆಳಿಗ್ಗೆ ತಾವೇ ಬಾನೆಟ್ಟು ಎತ್ತಿ ನಿಲ್ಲುವ ತಾತಂದಿರನ್ನೂ ವಾಚಕರಲ್ಲಿ ಕೆಲವರು ಕಂಡಿರಬಹುದು. ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಅವರಿಗೆ ಅರ್ಧ ದಿನ ಹಿಡಿಯುವುದೇಕೆ? ವಯಸ್ಸಾಯಿತು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಕಣ್ಣು, ಮಾಂಸಖಂಡ, ಬೆನ್ನು, ಕಿವಿ ಇವು ಒಂದೊಂದೂ ತನ್ನ ತನ್ನ ಕಾಲಕ್ಕೆ, ತನ್ನ ತನ್ನ ರೀತಿಯಲ್ಲಿ ಕುಂದುತ್ತವೆ. ಯಾವುದು ಹೇಗೆ ಕುಂದಿದೆ ಎಂದು ತಿಳಿದರೆ ಅದನ್ನು ತುಂಬಿಕೊಳ್ಳುವ ಉಪಾಯವೂ ಹಲವು ವೇಳೆ ಹೊಳೆಯುವುದು.

ಮೊದಲು ಸೋಲುವುದು ಕಣ್ಣು. 10 ವರ್ಷದ ಬಾಲಕನು ಕಣ್ಣಿನಿಂದ 10 ಸೆಂಟಿಮೀಟರಿಗೂ ಕಡಮೆ ದೂರದಲ್ಲಿ ಹಿಡಿದ ಅಕ್ಷರವನ್ನು ಓದಬಲ್ಲನು. 60 ದಾಟಿದವರಿಗೆ ಕನ್ನಡಕವಿಲ್ಲದಿದ್ದರೆ ಕೈಯಲ್ಲಿರುವ ವಸ್ತುವೇ ಮಸುಕು. ಕಣ್ಣಿನ ಮಸೂರವು ಜೀವಮಾನವಿಡೀ ಪದರದ ಮೇಲೆ ಪದರವಾಗಿ ಬೆಳೆಯುತ್ತ, ಒಳಗೊಳಗೇ ಗಡುಸಾಗುತ್ತ ಹೋಗುವುದು. ಹತ್ತಿರದ ವಸ್ತುವನ್ನು ನೋಡಲು ಅದು ಉಬ್ಬಬೇಕು. ಗಡುಸಾದ ಮಸೂರ ಉಬ್ಬಲಾರದು. ಡಿಸ್ಟ್ರಿಬ್ಯೂಟರಿನೊಳಗಣ ಪಾಯಿಂಟುಗಳ ನಡುವೆ ಇರಬೇಕಾದ ಸಂದು ಅರ್ಧ ಮಿಲಿಮೀಟರಿಗೂ ಕಡಮೆ ಎಂಬುದನ್ನು ನೆನೆದರೆ ಈ ಕೊರತೆಯ ಬೆಲೆ ತಿಳಿಯುವುದು. ಇದರ ಜೊತೆಗೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20 ವರ್ಷದವನ ಅಕ್ಷಿಪಟವನ್ನು ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ 60 ವರ್ಷದವರ ಅಕ್ಷಿಪಟವನ್ನು ಸೇರುವುದು. ತಾತನವರು “ದೀಪ ಹತ್ತಿರ ಹಿಡಿಯೋ” ಎಂದು ಮೊಮ್ಮಗನನ್ನು ಗದರಿಸುವುದಕ್ಕೆ ಹೀಗೆ ಭೌತಶಾಸ್ತ್ರದ ಸಮರ್ಥನೆ ಇದೆ. ಆದರೆ ದೀಪವು ಕಣ್ಣಿಗೆ ನೇರವಾಗಿ ಹೊಡೆಯುವಂತಿರಬಾರದು. ಮುದಿ ಮಸೂರವು ಬೆಳಕನ್ನು ಚದರಿಸಿ ಕಣ್ಣು ಕೋರೈಸುವಂತೆ ಮಾಡುವುದು.

ಎರಡು ದೃಷ್ಟಿಯ ಕನ್ನಡಕವು ಇಲ್ಲಿ ಒಂದು ವಿಚಿತ್ರ ತೊಂದರೆಯನ್ನು ಒಡ್ಡುತ್ತದೆ. ಪುಸ್ತಕವನ್ನು ನಾವು ಕೆಳಗೆ ನೋಡಿ ಓದುವೆವಾದ್ದರಿಂದ ಹತ್ತಿರದ ದೃಷ್ಟಿಯ ಗಾಜನ್ನು ಕೆಳಭಾಗದಲ್ಲಿ ಕೂಡಿಸಿರುತ್ತಾರೆ. ಕಾರಿನ ಅಡಿಯಲ್ಲಿ ಅಂಗಾತ ಮಲಗಿದವರಿಗೆ ನೋಡಬೇಕಾದ ನಟ್ಟು ಹತ್ತಿರದಲ್ಲಿಯೇ, ಆದರೆ ಕಣ್ಣಿಗೆ ಮೇಲುಗಡೆ ಇರುವುದು. ಗಾಜಿನ ಸರಿಯಾದ ಭಾಗ ಅದಕ್ಕೆ ನೇರವಾಗಲೆಂದು ಅವರು ಕತ್ತನ್ನು ಹಿಂದಕ್ಕೆ ಮಣಿಸುತ್ತಾರೆ, ಸಂಜೆ ಕುತ್ತಿಗೆ ಹಿಡಿಯಿತೆಂದು ನರಳುತ್ತಾರೆ. ಈ ಕೆಲಸಕ್ಕೆ ಬರಿಯ ಹತ್ತಿರದ ದೃಷ್ಟಿಯ ಅಗ್ಗದ ಕನ್ನಡಕವೊಂದನ್ನು ಬೇರೆಯೇ ಇಟ್ಟುಕೊಳ್ಳುವುದು ಮೇಲು.

ಇನ್ನು ನಟ್ಟಿನ ವಿಷಯ. ಕಬ್ಬಿಣವು ತುಕ್ಕಾಗುವಾಗ ಅದರ ಗಾತ್ರ ಹಿಗ್ಗುವುದು. ಮರೆಯ ಸುತ್ತುಗಳ ನಡುವೆ ಹಿಗ್ಗಲು ಎಡೆಯಿಲ್ಲದೆ ನಟ್ಟೂ ಬೋಲ್ಟೂ ಬೆಸೆದಂತೆ ಕಚ್ಚಿಕೊಳ್ಳುವುವು. ಇಂಥ ನಟ್ಟನ್ನು ಯುವಕನು ಒಂದೇ ಜಗ್ಗಿಗೆ ಬಿಡಿಸುತ್ತಾನೆ. ನಮ್ಮ ಮಾಂಸಖಂಡಗಳಲ್ಲಿ ಶೀಘ್ರವಾಗಿ ಸಂಕೋಚಿಸುವ ಎಳೆಗಳೂ ನಿಧಾನವಾಗಿ ಸಂಕೋಚಿಸುವ ಎಳೆಗಳೂ ಇರುವುವಷ್ಟೆ. ವಯಸ್ಸಾದಂತೆ ಹೆಚ್ಚಾಗಿ ಸೊರಗುವುದು ಶೀಘ್ರದ ಎಳೆಗಳೇ. ಆದುದರಿಂದ ಹಿರಿಯರಲ್ಲಿ ತಟಕ್ಕನೆ ಜಗ್ಗುವ ಶಕ್ತಿಯು ನಿಧಾನವಾಗಿ ಎಳೆಯುವ ಶಕ್ತಿಗಿಂತ ಬೇಗ ಕುಗ್ಗುವುದು. ಕೊರತೆಯನ್ನು ಸನ್ನೆಯ ತತ್ತ್ವ ತುಂಬಿಕೊಡುತ್ತದೆ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 50 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದಾಗ ದೊರೆಯುವ ತಿರುಚುವಿಕೆಯು, ಹಿಡಿಗೆ ಕೊಳವೆ ತೂರಿಸಿ 60 ಸೆಂಟಿಮೀಟರ್ ಮಾಡಿದರೆ 17 ಕಿಲೋಗ್ರಾಮಿನಷ್ಟು ಬಲಕ್ಕೇ ದೊರೆಯುವುದು. ಹಿಂದಿನ ರಾತ್ರಿಯೇ ತೆಳು ಎಣ್ಣೆ ಬಿಟ್ಟಿದ್ದರೆ ಅಷ್ಟೂ ಬೇಕಾಗದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸ್ಪ್ಯಾನರು ಜಾರಿದಾಗ ಮುಗ್ಗರಿಸದಂತೆ ಕಾಲನ್ನು ತಟ್ಟನೆ ಊರಿಸುವುದೂ ಅದೇ ಶೀಘ್ರದ ಎಳೆಗಳ ಕೆಲಸ. ಅವು ಸೊರಗಿರುವಾಗ ನಿಂತು ಜಗ್ಗುವುದಕ್ಕಿಂತ ಕುಳಿತು ಎಳೆಯುವುದು ಕ್ಷೇಮ.

ಸನ್ನೆಯ ಇದೇ ತತ್ತ್ವ ಬೆನ್ನಿಗೆ ವೈರಿಯಾಗುವುದನ್ನೂ ನೋಡೋಣ. ಬಾನೆಟ್ಟಿನೊಳಕ್ಕೆ ಬಗ್ಗಿ 15 ಕಿಲೋಗ್ರಾಮಿನ ಬ್ಯಾಟರಿಯನ್ನು ಎತ್ತುವಾಗ ಅದು ನಡುವಿನಿಂದ ಸುಮಾರು 50 ಸೆಂಟಿಮೀಟರ್ ಮುಂದಿರುವುದು. ಬೆನ್ನನ್ನು ಎತ್ತಿಹಿಡಿಯುವ ಮಾಂಸಖಂಡವಾದರೋ ಬೆನ್ನುಮಣಿಯಿಂದ 5 ಸೆಂಟಿಮೀಟರ್ ಹಿಂದೆ ಮಾತ್ರ ಇದೆ. ಆದ್ದರಿಂದ ಅದು ಬ್ಯಾಟರಿಯ ಭಾರದ ಹತ್ತರಷ್ಟು, ಎಂದರೆ 150 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯಬೇಕು. ಮುಂಡದ ಭಾರವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ಒತ್ತಡವೆಲ್ಲ ಬೀಳುವುದು ಬೆನ್ನುಮಣಿಗಳ ನಡುವಣ ಮೆತ್ತೆಗಳ ಮೇಲೆ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಜೀವಂತ ಮನುಷ್ಯರ ಮೆತ್ತೆಯೊಳಕ್ಕೆ ಸೂಜಿ ತೂರಿಸಿ ಒತ್ತಡವನ್ನು ಅಳೆದಾಗ, ನೆಟ್ಟಗೆ ನಿಂತಾಗಿನದಕ್ಕಿಂತ ಮುಂದಕ್ಕೆ ಬಾಗಿದಾಗ ಅದು ಹೆಚ್ಚುವುದು ಕಂಡುಬಂದಿತು. ವಯಸ್ಸಾದಂತೆ ಈ ಮೆತ್ತೆಗಳು ನೀರಿನ ಅಂಶ ಕಳೆದುಕೊಂಡು ತೆಳ್ಳಗಾಗುವುವು. ಬ್ಯಾಟರಿ ಎತ್ತುವ ಕೆಲಸವನ್ನು ಮೊಮ್ಮಗನಿಗೆ ಬಿಡುವುದರಲ್ಲಿ ಅವಮಾನವೇನೂ ಇಲ್ಲ. ಅವನೂ ಅದನ್ನು ಮೈಗೆ ಹತ್ತಿರ ಒತ್ತಿ ಹಿಡಿಯುವುದನ್ನು ಕಲಿಯಬೇಕು.

ಆದರೆ ಒಂದು ಅಪಾಯಕ್ಕೆ ವಯಸ್ಸಿನ ಭೇದವಿಲ್ಲ. ಅಂಬಾಸಡರ್ ಕಾರಿನ ಭಾರ ಒಂದು ಟನ್ನಿಗೂ ಮಿಕ್ಕಿದ್ದು. ಅದನ್ನು ಜ್ಯಾಕಿನ ಮೇಲಷ್ಟೇ ನಿಲ್ಲಿಸಿ ಅಡಿಗೆ ತೂರುವುದು ಮೂರ್ಖತನವೇ ಸರಿ. ಎಣ್ಣೆಯ ಜ್ಯಾಕಿನೊಳಗಣ ರಬ್ಬರು ಮುದ್ರೆ ಹಳತಾಗಿ ಸೋರಬಹುದು, ನೆಲ ಕುಸಿಯಬಹುದು. ಇಟ್ಟಿಗೆಗಳ ಆಸರೆಯು ಮುನ್ಸೂಚನೆ ಕೊಡದೆ ಪುಡಿಯಾಗುವುದು. ಕಾರು ಜಾರಿದರೆ ಯುವಕನೂ ತಪ್ಪಿಸಿಕೊಳ್ಳಲಾರನು. ಗಟ್ಟಿ ನೆಲದಲ್ಲಿ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಇಟ್ಟ ಮೇಲೆಯೇ ಒಳಗೆ ಹೋಗತಕ್ಕದ್ದು. ಹಿರಿಯರು ಹೊರಬಂದ ಕೂಡಲೆ ಎದ್ದು ನಿಲ್ಲಲೂ ಬಾರದು. ಮಲಗಿದವರು ಏಳುವಾಗ ರಕ್ತ ಕಾಲಿನ ಕಡೆಗೆ ಇಳಿಯುವುದು. ರಕ್ತನಾಳಗಳನ್ನು ಬಿಗಿದು ಒತ್ತಡವನ್ನು ಸರಿಪಡಿಸುವ ನರವ್ಯವಸ್ಥೆ ಮುಪ್ಪಿನಲ್ಲಿ ಮಂದವಾಗುವುದರಿಂದ ಕಣ್ಣು ಕತ್ತಲಿಡುವುದು. ಎರಡು ನಿಮಿಷ ಕುಳಿತು ಏಳಬೇಕು.

ಕಾರಿನ ಮುಪ್ಪಿಗೂ ಮೈಯ ಮುಪ್ಪಿಗೂ ಹೋಲಿಕೆಯುಂಟು. ಹಳೆಯ ರೇಡಿಯೇಟರ್ ಕೊಳವೆಯ ರಬ್ಬರು ಗಡುಸಾಗಿ ಬಿರಿಯುವುದಕ್ಕೆ ಒಂದು ಕಾರಣ, ಗಾಳಿಯ ಆಮ್ಲಜನಕದಿಂದ ಅದರ ಉದ್ದನೆಯ ಅಣುಸರಪಳಿಗಳ ನಡುವೆ ಹೊಸ ಅಡ್ಡ ಬೆಸುಗೆಗಳು ಬೀಳುವುದು. ನಮ್ಮ ಸ್ನಾಯುರಜ್ಜುಗಳಲ್ಲಿಯೂ ಚರ್ಮದಲ್ಲಿಯೂ ಇರುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ರಕ್ತದ ಸಕ್ಕರೆಯಿಂದ ಇಂಥವೇ ಬೆಸುಗೆಗಳು ವರ್ಷವರ್ಷಕ್ಕೂ ಕೂಡುತ್ತ ಹೋಗುವುವು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಬಳಸಿದಷ್ಟೂ ಟಯರು ಸವೆಯುವುದು. ಮಾಂಸಖಂಡ ಸವೆಯುವುದು ಬಳಸದಿದ್ದಾಗ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮರಿಯಾ ಫಿಯಟರೋನೆ ಮತ್ತು ಸಂಗಡಿಗರು, ಸರಾಸರಿ 90 ವರ್ಷ ವಯಸ್ಸಿನ ಕೆಲವರಿಗೆ ಎಂಟು ವಾರಗಳ ಕಾಲ ಭಾರ ಎತ್ತುವ ವ್ಯಾಯಾಮವನ್ನು ಮಾಡಿಸಿದ ಫಲವನ್ನು ಪ್ರಕಟಿಸಿದರು. ಅವರ ಕಾಲಿನ ಬಲ ಸರಾಸರಿಯಲ್ಲಿ ಇಮ್ಮಡಿಗೂ ಮೀರಿ ಹೆಚ್ಚಿತ್ತು. ಮೆಕ್ಯಾನಿಕ್ ಕೆಲಸವನ್ನು ಪೂರ್ತಿ ಬಿಟ್ಟು ಕುಳಿತುಬಿಡುವುದೂ ಹಾಗಾದರೆ ಔಷಧವಲ್ಲ.

ಬ್ರೇಕಿನ ಧೂಳನ್ನು ಬಾಯಿಯಿಂದ ಊದುವ ಅಭ್ಯಾಸವನ್ನು ಮಾತ್ರ ಹಿರಿಯರು ಬಿಡಬೇಕು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ನವುರಾದ ಎಳೆಗಳು ಶ್ವಾಸಕೋಶದಲ್ಲಿ ನೆಟ್ಟು ಹತ್ತಾರು ವರ್ಷಗಳ ಅನಂತರ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಹತ್ತಾರು ವರ್ಷಗಳ ಆಯುಸ್ಸು ಮುಂದಿರುವುದು ಪಕ್ಕದಲ್ಲಿ ದೀಪ ಹಿಡಿದು ನಿಂತ ಹುಡುಗನಿಗೆ. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಬೇಕು.

ಕೊನೆಯದಾಗಿ ಕಿವಿ. ಮುಪ್ಪಿನಲ್ಲಿ ಮೊದಲು ಮರೆಯಾಗುವುವು ಕೀರಲು ಸ್ವರಗಳು. ಗಡಸು ಬಡಿತಗಳು ಬಹುಕಾಲ ಕೇಳಿಸುತ್ತಲೇ ಇರುವುವು. ಎಂಜಿನ್ನಿನ ಒಳಗಿನ ಬೇರಿಂಗ್ ಸವೆದು ದುಡುದುಡು ಎನ್ನುವುದನ್ನು ಹಿರಿಯರು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ತಾಗಿಸಿ ಪತ್ತೆ ಮಾಡಬಲ್ಲರು. ಉಕ್ಕಿನ ಮೂಲಕ ಶಬ್ದವು ಗಾಳಿಗಿಂತ ಚೆನ್ನಾಗಿ ಹರಿದುಬರುವುದು. ಬೆಲ್ಟಿನ ಕೀಚಲು, ಎಲ್ಲೋ ಗಾಳಿ ಸೋರುವ ಸಣ್ಣ ಸಿಳ್ಳು ಅವರಿಗೆ ಕೇಳಿಸದಿರಬಹುದು. ಅವು ಹುಡುಗನಿಗೆ ಕೇಳಿಸುತ್ತವೆ, ಆದರೆ ಅವುಗಳ ಅರ್ಥ ಅವನಿಗೆ ತಿಳಿಯದು. ಸಿಳ್ಳು ಎಂಜಿನ್ನಿನ ವೇಗದೊಡನೆ ಏರುವುದೇ, ಇಲ್ಲವೇ ಎಂದು ತಾತ ಕೇಳುತ್ತಾರೆ. ಹುಡುಗ ಆಕ್ಸಿಲರೇಟರ್ ಒತ್ತಿ ನೋಡಿ ಉತ್ತರ ಹೇಳುತ್ತಾನೆ. ಯಾವ ಕೊಳವೆಯ ಮೇಲೆ ಬೆರಳಿಡಬೇಕೆಂದು ತಾತ ತೋರಿಸುತ್ತಾರೆ.